ಮಗ ಕೋಚ್ ಆಗುತ್ತೇನೆ ಅಂದನಾ? ಹಾಗಾದರೆ ಡಾಬೊ ಸ್ವಿನ್ನಿ ಬಂದ ದಾರಿ ಕೇಳಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೆಂಗಳೂರಿನಿಂದ ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯದ ಗ್ರಿಯರ್‌ಗೆ ಬಂದು ಇನ್ನೂ ವರ್ಷವಾಗಿಲ್ಲ. ಒಂಬತ್ತನೇ ಕ್ಲಾಸಿನ ಮಗ ಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಟೀಮಿಗೆ ಸೇರಬೇಕು ಅನ್ನುತ್ತಿದ್ದಾನೆ. ಅಷ್ಟೇ ಅಲ್ಲ, ಮುಂದೆ ಕೋಚ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. "ಅಕ್ಕ, ಇದೂ ಒಂದು ಕೆಲಸವಾ? ಹೊಟ್ಟೆಪಾಡು ನಡೆಯುತ್ತಾ? ತಲೆಗೆ ಏಟು ಬಿದ್ದರೆ ಏನು ಗತಿ?" ಅಂತ ಕೇಳಿದ್ದೀರಿ. ಜೊತೆಗೆ, ಸೋಮವಾರ ಬಂತೆಂದರೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಡಾಬೊ ಅನ್ನುವ ಹೆಸರು, ಆತ ಯಾರು ಅಂತಲೂ ಕೇಳಿದ್ದೀರಿ.

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ಒಬ್ಬರ ಕಥೆ ಸರಿಯಾಗಿ ಗೊತ್ತಾದರೆ ಮಿಕ್ಕಿದ್ದಕ್ಕೆ ಉತ್ತರ ಹೇಳುವುದು ಸುಲಭ.

ನಿಮ್ಮ ಮನೆಯಿಂದ ಐ-85 ಹೆದ್ದಾರಿ ಹಿಡಿದು ಸುಮಾರು ಒಂದು ಗಂಟೆ ಹೋದರೆ ಕ್ಲೆಮ್ಸನ್ ಸಿಗುತ್ತದೆ. ಊರಿನ ಜನಸಂಖ್ಯೆ 20 ಸಾವಿರಕ್ಕಿಂತ ಕಡಿಮೆ. ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂನಲ್ಲಿ 81 ಸಾವಿರ ಜನ ಕೂರುತ್ತಾರೆ. ಶನಿವಾರ ಮ್ಯಾಚ್ ಇದ್ದರೆ ಆ ಕಡೆ ರಸ್ತೆಗಳಲ್ಲಿ ಕಾರು ಅಲ್ಲಾಡುವುದಿಲ್ಲ. ಆ ಟೀಮಿನ ಹೆಡ್ ಕೋಚ್ ಡಾಬೊ ಸ್ವಿನ್ನಿ. ಪೂರ್ತಿ ಹೆಸರು ವಿಲಿಯಂ ಕ್ರಿಸ್ಟೋಫರ್ ಸ್ವಿನ್ನಿ, ಆದರೆ ಹಾಗೆ ಕರೆಯುವುದನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ.

ಕ್ಲೆಮ್ಸನ್ ಸರ್ಕಾರಿ ವಿಶ್ವವಿದ್ಯಾಲಯ. ಅಂದರೆ ಅವರು ಸೌತ್ ಕ್ಯಾರೊಲೈನಾ ರಾಜ್ಯದ ನೌಕರರು. 2022ರಲ್ಲಿ ಅವರ ಜೊತೆ ಮಾಡಿಕೊಂಡ ಒಪ್ಪಂದ 10 ವರ್ಷಕ್ಕೆ 11.5 ಕೋಟಿ ಡಾಲರ್. ಹೊಸದಾಗಿ ಬಂದವರಿಗೆ ಇದನ್ನು ನಂಬುವುದು ಕಷ್ಟ, ನನಗೂ ಕಷ್ಟವಾಗಿತ್ತು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ತೆಗೆದುಕೊಳ್ಳುವ ಸರ್ಕಾರಿ ನೌಕರರು ಗವರ್ನರ್ ಅಲ್ಲ, ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಈ ದುಡ್ಡು ಹೆಚ್ಚಾಗಿ ಟಿವಿ ಹಕ್ಕು, ಟಿಕೆಟ್ ಮತ್ತು ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಬರುತ್ತದೆ. ಹಾಗಾಗಿ ಇದು ಕೆಲಸವೇ ಹೌದು. ಆದರೆ ಈ ಅಂಕಿ ನೋಡಿ ನಿಮ್ಮ ಮಗನ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಅವರು ಎಲ್ಲಿಂದ ಬಂದರು ಅನ್ನುವುದನ್ನು ಮೊದಲು ಕೇಳಿ.

ಸ್ವಿನ್ನಿ ಹುಟ್ಟಿದ್ದು 1969ರಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಬೆಳೆದದ್ದು ಪಕ್ಕದ ಪೆಲ್ಹಮ್‌ನಲ್ಲಿ. ತಂದೆಯ ವ್ಯಾಪಾರ ಸಾಲದಲ್ಲಿ ಮುಳುಗಿತು, ಕುಡಿತ ಹೆಚ್ಚಿತು, ಇದ್ದ ಮನೆ ಹೋಯಿತು. ತಂದೆ ತಾಯಿ ಬೇರೆಯಾದರು. ಹುಡುಗ ಸಂಸಾರದಲ್ಲಿ ಮೊದಲನೆಯವನಾಗಿ ಕಾಲೇಜು ಡಿಗ್ರಿ ಮಾಡಬೇಕು ಅಂತ ಟಸ್ಕಲೂಸಾದ ಅಲಬಾಮಾ ವಿಶ್ವವಿದ್ಯಾಲಯ ಸೇರಿದ. ಯಾವ ಕೋಚೂ ಕರೆದಿರಲಿಲ್ಲ, ಸ್ಕಾಲರ್‌ಶಿಪ್ ಇರಲಿಲ್ಲ. ಸರ್ಕಾರ ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರಾಂಟ್, ಮೇಲೆ ವಿದ್ಯಾರ್ಥಿ ಸಾಲ, ರಜೆಯಲ್ಲಿ ಮನೆಗಳ ಸೂರಿನ ನೀರಿನ ದೋಣಿ ಸ್ವಚ್ಛ ಮಾಡುವ ಕೆಲಸ, ಹೀಗೆ ನಡೆಯಿತು.

ಆಮೇಲೆ ಫುಟ್‌ಬಾಲ್ ಟೀಮಿಗೆ ತಾನಾಗಿ ಹೋಗಿ ನಿಂತ. ಇಲ್ಲಿ ಹಾಗೆ ಬರುವವರನ್ನು ವಾಕ್-ಆನ್ ಅನ್ನುತ್ತಾರೆ. ಸ್ಕೂಲಿನಲ್ಲಿದ್ದಾಗಲೇ ಕೋಚುಗಳು ಮನೆಗೆ ಬಂದು ಕರೆದುಕೊಂಡು ಹೋದ ಆಟಗಾರರಿಗೆ ಫೀಸು, ಊಟ, ವಸತಿ ಎಲ್ಲ ಪುಕ್ಕಟೆ. ವಾಕ್-ಆನ್ ಹುಡುಗನಿಗೆ ಅದೇನೂ ಇಲ್ಲ. ಅಷ್ಟೇ ಬೆವರು, ಅಷ್ಟೇ ಪೆಟ್ಟು, ಖರ್ಚು ಮಾತ್ರ ಅವನದೇ. ವಾರವೆಲ್ಲ ಮುಂದಿನ ಎದುರಾಳಿ ಟೀಮಿನವರ ಹಾಗೆ ಆಡಿ ತೋರಿಸಬೇಕು, ಸ್ಟಾರ್ ಆಟಗಾರರು ಅವನ ಮೇಲೆ ಅಭ್ಯಾಸ ಮಾಡುತ್ತಾರೆ. ಶನಿವಾರ ಮೈದಾನಕ್ಕೆ ಇಳಿಯುವ ಭರವಸೆ ಇಲ್ಲ. ಸ್ವಿನ್ನಿ ಹಾಗೆ ಆಡುತ್ತಾ ಆಡುತ್ತಾ ಸ್ಕಾಲರ್‌ಶಿಪ್ ಗಳಿಸಿದರು.

ಅವರ ತಾಯಿಯ ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಚಿಕ್ಕಂದಿನಲ್ಲಿ ಪೋಲಿಯೊ ಆಗಿದ್ದ ಹೆಂಗಸು. ಗಂಡನಿಂದ ಬೇರೆಯಾದ ಮೇಲೆ ಕಡಿಮೆ ಸಂಬಳದ ಕೆಲಸ, ಇರಲು ಮನೆ ಇಲ್ಲ. ಮಗ ಕಾಲೇಜಿನ ಹತ್ತಿರ ಗೆಳೆಯರ ಜೊತೆ ಹಂಚಿಕೊಂಡಿದ್ದ ಅಪಾರ್ಟ್‌ಮೆಂಟಿಗೆ ತಾಯಿಯನ್ನೂ ಕರೆತಂದ. ಇಬ್ಬರಿಗೂ ಒಂದೇ ಕೋಣೆ, ಒಂದೇ ಹಾಸಿಗೆ. ಆಕೆ ಅಲ್ಲಿಂದಲೇ ಬರ್ಮಿಂಗ್‌ಹ್ಯಾಮ್‌ನ ಅಂಗಡಿ ಕೆಲಸಕ್ಕೆ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಅಮೆರಿಕದಲ್ಲಿ ಹದಿನೆಂಟು ತುಂಬಿದ ಮೇಲೆ ಮಕ್ಕಳಿಗೂ ತಂದೆತಾಯಿಗೂ ಸಂಬಂಧವೇ ಇರುವುದಿಲ್ಲ ಅಂತ ಊರಲ್ಲಿ ಹೇಳಿ ಕಳಿಸಿರುತ್ತಾರೆ, ಅಲ್ವಾ? ಅದನ್ನು ನಂಬಬೇಡಿ. ಇಲ್ಲಿಯೂ ಮನೆ ಕಟ್ಟಿಕೊಳ್ಳುವುದು ಹೀಗೆಯೇ. ತಂದೆ ಕೂಡ ಮುಂದೆ ಕುಡಿತ ಬಿಟ್ಟರು, ತಂದೆ ಮಗ ಮತ್ತೆ ಹತ್ತಿರವಾದರು. ತಂದೆ 2015ರಲ್ಲಿ ತೀರಿಕೊಂಡರು.

ಆಟಗಾರನಾಗಿ ಸ್ವಿನ್ನಿಯ ದಾಖಲೆ ಬಹಳ ಸಣ್ಣದು. ಅವರು ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವರು. ಮೂರು ಸೀಸನ್‌ಗಳಲ್ಲಿ ಹಿಡಿದದ್ದು 7 ಚೆಂಡು, ಗಳಿಸಿದ್ದು 81 ಗಜ. ಆದರೆ 1992ರಲ್ಲಿ ಅಲಬಾಮಾ ಒಂದೂ ಸೋಲದೆ, 1993ರ ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಮಯಾಮಿಯನ್ನು 34-13ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದಾಗ ಆ ಟೀಮಿನಲ್ಲಿ ಅವರಿದ್ದರು. ನಿಮ್ಮ ಮಗನಿಗೆ ಇದನ್ನು ಹೇಳಿ. ಆಟದಲ್ಲಿ ದೊಡ್ಡ ಹೆಸರು ಮಾಡಿದವರೇ ಕೋಚ್ ಆಗುವುದಿಲ್ಲ. ಬೆಂಚಿನ ಮೇಲೆ ಕೂತವನು ಆಟವನ್ನು ಜಾಸ್ತಿ ನೋಡಿರುತ್ತಾನೆ. ಯಾರು ಯಾಕೆ ಆ ಜಾಗದಲ್ಲಿ ನಿಂತ ಅಂತ ಅವನಿಗೆ ಗೊತ್ತಿರಲೇಬೇಕು, ಇಲ್ಲದಿದ್ದರೆ ಅವನು ಟೀಮಿನಲ್ಲಿ ಉಳಿಯುವುದೇ ಇಲ್ಲ.

ಆಟ ಮುಗಿದ ಮೇಲೆ ಅವರು ಅಲ್ಲೇ ಗ್ರಾಜುಯೇಟ್ ಅಸಿಸ್ಟೆಂಟ್ ಆದರು. ಇದು ಕೋಚ್ ವೃತ್ತಿಯ ಮೊದಲ ಮೆಟ್ಟಿಲು. ಮಾಸ್ಟರ್ಸ್ ಓದುತ್ತಾ, ಕೈಗೆ ಸಿಗುವ ಚೂರು ಭತ್ಯೆಯಲ್ಲಿ, ರಾತ್ರಿಯೆಲ್ಲ ಮ್ಯಾಚಿನ ವಿಡಿಯೊ ಕತ್ತರಿಸಿ ಕೊಡುವುದು, ಅಭ್ಯಾಸಕ್ಕೆ ಚಿತ್ರ ಬರೆದು ಕೊಡುವುದು, ಹೇಳಿದ್ದೆಲ್ಲ ಮಾಡುವುದು. ನೀವು ಕುಂದಾಪುರದ ಕಡೆಯವರು, ನಿಮಗೆ ಬೇಗ ಅರ್ಥವಾಗುತ್ತದೆ: ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಕುಣಿದು ಕುಣಿದು, ದೊಡ್ಡವರ ಬಣ್ಣ ಬಟ್ಟೆ ನೋಡುತ್ತಾ ಕಲಿಯುತ್ತಾನಲ್ಲ, ಅದೇ ರೀತಿ. ಮುಂದಿನ ಮೆಟ್ಟಿಲು ಒಂದೊಂದು ಗುಂಪಿನ ಕೋಚ್. ಅದರ ಮೇಲೆ ಇಡೀ ದಾಳಿಯನ್ನೋ ರಕ್ಷಣೆಯನ್ನೋ ನೋಡಿಕೊಳ್ಳುವ ಕೋಆರ್ಡಿನೇಟರ್. ಎಲ್ಲಕ್ಕೂ ಮೇಲೆ ಹೆಡ್ ಕೋಚ್. ಸ್ವಿನ್ನಿ 1995ರಲ್ಲಿ ಎಂಬಿಎ ಮುಗಿಸಿದರು, 1996ರಿಂದ ಪೂರ್ಣಾವಧಿ ಕೋಚ್ ಆದರು.

ಇಲ್ಲಿಂದ ಗಮನ ಕೊಟ್ಟು ಓದಿ, ಯಾಕೆಂದರೆ ಇದು ನಿಮಗೂ ಸೇರಿದ ಮಾತು.

2000ದಲ್ಲಿ ಅಲಬಾಮಾವನ್ನು ದೇಶದಲ್ಲಿ 3ನೇ ಸ್ಥಾನದ ಟೀಮ್ ಅಂತ ಲೆಕ್ಕ ಹಾಕಿದ್ದರು. ಸೀಸನ್ ಮುಗಿದಾಗ 3 ಗೆಲುವು, 8 ಸೋಲು. ಹೆಡ್ ಕೋಚನ್ನು ತೆಗೆದರು. ಹೆಡ್ ಕೋಚ್ ಹೋದರೆ ಅವರ ಕೆಳಗಿನವರೂ ಗಂಟು ಕಟ್ಟಬೇಕು, ತಪ್ಪು ಯಾರದೇ ಇರಲಿ. ಹದಿಮೂರು ವರ್ಷ ಹತ್ತಿರ ಹತ್ತಿರ ಒಂದೇ ಕ್ಯಾಂಪಸ್ಸಿನಲ್ಲಿ ಕಳೆದ ಸ್ವಿನ್ನಿ ಹೊರಗೆ ಬಿದ್ದರು. ಮನೆಯಲ್ಲಿ ಪುಟ್ಟ ಮಕ್ಕಳು. ಆಗ ಕೈ ಹಿಡಿದವರು ಹಿಂದೆ ಅಲಬಾಮಾದಲ್ಲಿ ಅವರಿಗೆ ಕಸರತ್ತು ಮಾಡಿಸುತ್ತಿದ್ದ ರಿಚ್ ವಿಂಗೊ. ವಿಂಗೊ ಅಷ್ಟು ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ನ ಒಂದು ರಿಯಲ್ ಎಸ್ಟೇಟ್ ಕಂಪನಿಯ ಮುಖ್ಯಸ್ಥರಾಗಿದ್ದರು. ಎರಡು ವರ್ಷ ಸ್ವಿನ್ನಿ ಶಾಪಿಂಗ್ ಸೆಂಟರ್‌ಗಳಲ್ಲಿ ಅಂಗಡಿ ಜಾಗ ಬಾಡಿಗೆಗೆ ಕೊಡಿಸುವ ಕೆಲಸ ಮಾಡಿದರು.

2003ರಲ್ಲಿ ಟಾಮಿ ಬೌಡನ್ ಅವರಿಂದ ಫೋನ್ ಬಂತು. ಬೌಡನ್ ಆಗ ಕ್ಲೆಮ್ಸನ್‌ನ ಹೆಡ್ ಕೋಚ್. 1989ರಲ್ಲಿ ಕರೆಯದೆ ಬಂದ ಹುಡುಗ ಅಲಬಾಮಾದ ಮೈದಾನದಲ್ಲಿ ನಿಂತಾಗ, ಅಲ್ಲಿ ರಿಸೀವರ್‌ಗಳ ಕೋಚ್ ಆಗಿದ್ದವರು ಇದೇ ಬೌಡನ್. ಆ ಹುಡುಗ ಅವರಿಗೆ ನೆನಪಿದ್ದ. ರಿಸೀವರ್‌ಗಳ ಕೋಚ್ ಆಗಿ ಬಾ ಅಂತ ಕರೆದರು.

ವಿಂಗೊ, ಬೌಡನ್, ಇಬ್ಬರೂ ಸ್ವಿನ್ನಿಗೆ ಏನೂ ಇಲ್ಲದಿದ್ದಾಗ ಅವರು ಹೇಗೆ ಕೆಲಸ ಮಾಡುತ್ತಿದ್ದರು ಅಂತ ಕಣ್ಣಾರೆ ಕಂಡವರು. ನಮ್ಮವರು ಇಲ್ಲಿಗೆ ಬಂದು ರೆಸ್ಯೂಮೆ, ಸರ್ಟಿಫಿಕೇಟ್ ಅಂತ ಒದ್ದಾಡುತ್ತಾರೆ. ಅವೂ ಬೇಕು. ಆದರೆ ಕೆಲಸ ಹೋದ ದಿನ ಫೋನ್ ಎತ್ತುವವರು ನಿಮ್ಮ ಜೊತೆ ದುಡಿದವರೇ. ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರೇ ಕಾರಿನಲ್ಲಿ ಕೂತು ಡಬ್ಬಿ ತಿನ್ನುತ್ತೇನೆ ಅಂತ ಬರೆದಿದ್ದೀರಿ, ಅದು ನನಗೆ ಬೇಸರ ತಂದಿತು. ಡಬ್ಬಿ ತೆಗೆದುಕೊಂಡು ಒಳಗೆ ಹೋಗಿ ಕೂತುಕೊಳ್ಳಿ. ಒಂದು ವ್ಯತ್ಯಾಸ ಮರೆಯಬೇಡಿ. ಸ್ವಿನ್ನಿ ಎರಡು ವರ್ಷ ಬೇರೆ ಕೆಲಸ ಮಾಡಿಕೊಂಡು ಕಾಯಬಹುದಿತ್ತು. ಎಚ್-1ಬಿ ಕೆಲಸದ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಸಿಗುವುದು 60 ದಿನ. ಹಾಗಾಗಿ ನಾವು ಪರಿಚಯ ಬೆಳೆಸಿಕೊಳ್ಳುವುದು ಇನ್ನೂ ಅಗತ್ಯ.

2008ರ ಅಕ್ಟೋಬರ್‌ನಲ್ಲಿ, ಸೀಸನ್ ಅರ್ಧ ಆಗಿರುವಾಗ, ಬೌಡನ್ ಕೆಲಸ ಬಿಟ್ಟರು. ಕ್ರೀಡಾ ವಿಭಾಗದ ಮುಖ್ಯಸ್ಥ ಟೆರಿ ಡಾನ್ ಫಿಲಿಪ್ಸ್ ಎಲ್ಲರಿಗಿಂತ ಮೇಲಿದ್ದವರನ್ನು ಬಿಟ್ಟು ರಿಸೀವರ್‌ಗಳ ಕೋಚನ್ನು ಹಂಗಾಮಿ ಹೆಡ್ ಕೋಚ್ ಮಾಡಿದರು. ಸ್ವಿನ್ನಿ ಅಲ್ಲಿವರೆಗೆ ಕೋಆರ್ಡಿನೇಟರ್ ಕೂಡ ಆಗಿರಲಿಲ್ಲ, ಆ ಮೆಟ್ಟಿಲನ್ನೇ ಹಾರಿದರು. ಮೊದಲ ಮ್ಯಾಚ್ ಜಾರ್ಜಿಯಾ ಟೆಕ್ ಎದುರು, ಸೋತರು. ಉಳಿದವುಗಳಲ್ಲಿ ನಾಲ್ಕು ಗೆದ್ದರು, ಅದರಲ್ಲಿ ಒಂದು ರಾಜ್ಯದೊಳಗಿನ ಬದ್ಧ ಎದುರಾಳಿ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಮೇಲೆ. ಡಿಸೆಂಬರ್ 1ಕ್ಕೆ ಕೆಲಸ ಕಾಯಂ ಆಯಿತು.

2010ರಲ್ಲಿ 6 ಗೆಲುವು, 7 ಸೋಲು. ತೆಗೆದುಬಿಡುತ್ತಾರೆ ಅಂತ ಸ್ವಿನ್ನಿಗೇ ಅನಿಸಿತ್ತು. ಫಿಲಿಪ್ಸ್ ತೆಗೆಯಲಿಲ್ಲ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ದೊಡ್ಡ ತೀರ್ಮಾನ ಅದೇ, ಯಾವ ಟ್ರೋಫಿಗಿಂತಲೂ. ಮರುವರ್ಷ ಸ್ವಿನ್ನಿ ದಾಳಿಯ ಹೊಣೆಯನ್ನು ಚಾಡ್ ಮಾರಿಸ್ ಅವರಿಗೆ ಕೊಟ್ಟರು. ಮಾರಿಸ್ ಅದಕ್ಕೆ ಎರಡು ವರ್ಷ ಹಿಂದೆ ಟೆಕ್ಸಸ್‌ನಲ್ಲಿ ಹೈಸ್ಕೂಲ್ ಕೋಚ್ ಆಗಿದ್ದವರು. 2011ರಲ್ಲಿ ಕ್ಲೆಮ್ಸನ್ ತನ್ನ ಲೀಗ್ ಗೆದ್ದಿತು, 1991ರ ನಂತರ ಮೊದಲ ಸಲ. ಅದರ ಬೆನ್ನಿಗೇ ಆರೆಂಜ್ ಬೌಲ್ ಅನ್ನುವ ಸೀಸನ್ ಕೊನೆಯ ದೊಡ್ಡ ಮ್ಯಾಚ್‌ನಲ್ಲಿ ವೆಸ್ಟ್ ವರ್ಜೀನಿಯಾ ಎದುರು 70-33ರ ಸೋಲು. ದೇಶವೆಲ್ಲ ನೋಡುತ್ತಿರುವಾಗ ಎದುರಾಳಿಗೆ 70 ಪಾಯಿಂಟ್ ಬಿಟ್ಟುಕೊಡುವುದು ಸಣ್ಣ ಅವಮಾನವಲ್ಲ. ಆಗ ರಕ್ಷಣೆಗೆ ಬ್ರೆಂಟ್ ವೆನಬಲ್ಸ್ ಅವರನ್ನು ಕರೆತಂದರು. ಅಲ್ಲಿಂದ ಟೀಮಿನ ಬೆನ್ನೆಲುಬು ಗಟ್ಟಿಯಾಯಿತು.

2015ರಿಂದ 2020ರವರೆಗೆ ಸತತ ಆರು ವರ್ಷ ಲೀಗ್ ಪ್ರಶಸ್ತಿ. 2017ರ ಜನವರಿ 9ರಂದು ಟ್ಯಾಂಪಾದಲ್ಲಿ ರಾಷ್ಟ್ರೀಯ ಫೈನಲ್. ಎದುರಿಗೆ ಅವರದೇ ಅಲಬಾಮಾ, ಹಿಂದಿನ ವರ್ಷದ ಫೈನಲ್‌ನಲ್ಲಿ ಇವರನ್ನು 45-40ರಿಂದ ಸೋಲಿಸಿದ್ದ ಟೀಮ್. ಕೊನೆಗೆ ಕ್ಲೆಮ್ಸನ್ ಮೂರು ಪಾಯಿಂಟ್ ಹಿಂದಿತ್ತು. ಗಡಿಯಾರದಲ್ಲಿ ಒಂದೇ ಸೆಕೆಂಡ್ ಉಳಿದಿರುವಾಗ ಡಿಶಾನ್ ವಾಟ್ಸನ್ ಎಸೆದ ಚೆಂಡನ್ನು ಗೆರೆಯಾಚೆ ಹಂಟರ್ ರೆನ್‌ಫ್ರೊ ಹಿಡಿದಿದ್ದ. 35-31. ರೆನ್‌ಫ್ರೊ ಕೂಡ ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಬಂದ ಹುಡುಗ, ಇದೇ ರಾಜ್ಯದ ಮರ್ಟಲ್ ಬೀಚ್ ಕಡೆಯವನು. ವಾಕ್-ಆನ್ ರಿಸೀವರ್ ಆಗಿದ್ದವರ ಟೀಮಿಗೆ ವಾಕ್-ಆನ್ ರಿಸೀವರ್ ಒಬ್ಬ ಚಾಂಪಿಯನ್ ಪಟ್ಟ ತಂದುಕೊಟ್ಟ. ಇಲ್ಲಿ ಹಳಬರ ಮುಂದೆ ಅವನ ಹೆಸರು ಹೇಳಿ ನೋಡಿ, ಮಾತು ನಿಲ್ಲುವುದಿಲ್ಲ. ಎರಡು ವರ್ಷದ ನಂತರ, 2019ರ ಜನವರಿ 7ರಂದು, ಅದೇ ಅಲಬಾಮಾವನ್ನು 44-16ರಿಂದ ಬಡಿದು 15 ಗೆಲುವು, ಒಂದೂ ಸೋಲಿಲ್ಲ ಅಂತ ಸೀಸನ್ ಮುಗಿಸಿದರು.

ಇಷ್ಟೆಲ್ಲ ಆದಮೇಲೂ ಕುರ್ಚಿ ಗಟ್ಟಿ ಅಂತ ತಿಳಿಯಬೇಡಿ. 2023ರಲ್ಲಿ ಟೀಮ್ 4 ಗೆಲುವು, 4 ಸೋಲಿನಲ್ಲಿ ಇದ್ದಾಗ ಸ್ಪಾರ್ಟನ್‌ಬರ್ಗ್‌ನ ಅಭಿಮಾನಿಯೊಬ್ಬ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ, ಇಷ್ಟು ಸಂಬಳ ಕೊಟ್ಟು ಇದಾ ಫಲಿತಾಂಶ ಅಂತ ನೇರವಾಗಿ ಕೇಳಿದ. ಸ್ವಿನ್ನಿ ಸಿಟ್ಟಿನಿಂದ ಉದ್ದ ಉತ್ತರ ಕೊಟ್ಟರು. ನಿಮ್ಮ ಆಫೀಸಿನಲ್ಲಿ ಅದನ್ನು ಈಗಲೂ ನೆನೆಸುತ್ತಾರೆ. ಆಮೇಲೆ ಟೀಮ್ ಐದಕ್ಕೆ ಐದೂ ಗೆದ್ದಿತು. ಬೇರೆ ಕಾಲೇಜುಗಳು ಆಟಗಾರರನ್ನು ಟ್ರಾನ್ಸ್‌ಫರ್ ಮೂಲಕ ಕೈತುಂಬ ತುಂಬಿಕೊಳ್ಳುತ್ತಿರುವಾಗ ಇವರು, ನಾವು ಕರೆತಂದ ಹುಡುಗರನ್ನೇ ಬೆಳೆಸುತ್ತೇವೆ ಅಂತ ಬಹಳ ಕಾಲ ಪಟ್ಟು ಹಿಡಿದರು. ಅದು ಹಳೆಯ ಕಾಲದ ಯೋಚನೆ ಅಂತ ಕೆಲವರ ದೂರು. ನನಗೆ ಆ ಪಟ್ಟಿನ ಮೇಲೆ ಗೌರವವಿದೆ, ಆದರೆ ಅದರ ಬೆಲೆಯನ್ನೂ ಟೀಮ್ ತೆತ್ತಿದೆ. 2025ರಲ್ಲಿ ದೇಶದ 4ನೇ ಸ್ಥಾನದಿಂದ ಶುರು ಮಾಡಿ ಮೊದಲ ಎಂಟು ಮ್ಯಾಚುಗಳಲ್ಲಿ ಐದು ಸೋತರು.

ಈಗ ನಿಮ್ಮ ಮಗನ ವಿಷಯ.

ಅಮೆರಿಕದ ಹೈಸ್ಕೂಲುಗಳಲ್ಲಿ ಫುಟ್‌ಬಾಲ್ ಆಡುವವರು ಸುಮಾರು 10 ಲಕ್ಷ. ಕಾಲೇಜಿನಲ್ಲಿ ಆಡಲು ಸಿಗುವುದು ಅವರಲ್ಲಿ ಕೆಲವರಿಗೆ ಮಾತ್ರ. ಕೋಚ್ ಆಗಲು ಕಾಲೇಜಿನಲ್ಲಿ ಆಡಿರಲೇಬೇಕು ಅಂತೇನಿಲ್ಲ, ಆದರೆ ಕಾಲೇಜು ಟೀಮಿನ ಒಳಗಿರುವುದು ಬಹಳ ಸಹಾಯ. ಆಟಗಾರನಾಗಿ ಆಗದಿದ್ದರೆ ವಿದ್ಯಾರ್ಥಿ ಮ್ಯಾನೇಜರ್ ಆಗಬಹುದು. ಸಾಮಾನು ಹೊರುವುದು, ವಿಡಿಯೊ ತೆಗೆಯುವುದು, ಅಭ್ಯಾಸಕ್ಕೆ ಅಣಿ ಮಾಡುವುದು. ಅದರಿಂದಲೂ ಮೇಲೆ ಹೋದವರಿದ್ದಾರೆ. ಕೋಚ್‌ಗಳಲ್ಲಿ ಹೆಚ್ಚಿನವರು ಕೋಟಿಗಟ್ಟಲೆ ಗಳಿಸುವವರಲ್ಲ. ನಿಮ್ಮ ಮಗನ ಸ್ಕೂಲಿನ ಕೋಚನ್ನೇ ನೋಡಿ. ಬಹುಶಃ ಬೆಳಿಗ್ಗೆ ಚರಿತ್ರೆಯೋ ವ್ಯಾಯಾಮವೋ ಪಾಠ ಮಾಡಿ, ಮಧ್ಯಾಹ್ನ ಮೈದಾನಕ್ಕೆ ಹೋಗುವವರು. ಮೇಷ್ಟರ ಸಂಬಳ, ಮೇಲೆ ಕೋಚ್ ಕೆಲಸಕ್ಕೆ ಒಂದಿಷ್ಟು ಭತ್ಯೆ. ಅದು ಮರ್ಯಾದೆಯ ಬದುಕು. ಊರವರೆಲ್ಲ ಕೋಚ್ ಅಂತಲೇ ಕರೆಯುತ್ತಾರೆ, ನಿವೃತ್ತಿ ಆದಮೇಲೂ. ನಿಮ್ಮ ಮಗ ಅಷ್ಟು ಆದರೂ ಹೆಮ್ಮೆ ಪಡಿ.

ಸ್ವಿನ್ನಿಗಿದ್ದ ಆಸರೆ ಎಲ್ಲವೂ ನಿಮ್ಮ ಹುಡುಗನಿಗೆ ಇಲ್ಲ, ಇದನ್ನು ಈಗಲೇ ತಿಳಿದಿರುವುದು ಒಳ್ಳೆಯದು. ಪೆಲ್ ಗ್ರಾಂಟ್ ಮತ್ತು ಸರ್ಕಾರದ ವಿದ್ಯಾರ್ಥಿ ಸಾಲ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ. ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಸಿಗುವುದಿಲ್ಲ. ಅವರು ದುಡಿಯುವಂತೆಯೂ ಇಲ್ಲ. 2021ರ ಜುಲೈನಿಂದ ಕಾಲೇಜು ಆಟಗಾರರು ಜಾಹೀರಾತಿನಿಂದ ದುಡ್ಡು ಮಾಡಬಹುದು, 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಆದರೆ ವೀಸಾದಲ್ಲಿರುವ ಹುಡುಗ ಅದಕ್ಕೆ ಕೈ ಹಾಕುವ ಮೊದಲು ವಲಸೆ ವಕೀಲರನ್ನು ಕೇಳಲೇಬೇಕು. 21 ತುಂಬಿದರೆ ಎಚ್-4 ಮುಗಿಯುತ್ತದೆ, ಆಗ ಅವನದೇ ವೀಸಾ ಬೇಕು. ಇನ್ನೊಂದು ಬದಲಾವಣೆ: ಕೋರ್ಟಿನ ಒಪ್ಪಂದದ ನಂತರ 2025ರಿಂದ ಅದಕ್ಕೆ ಒಪ್ಪಿದ ಕಾಲೇಜುಗಳ ಫುಟ್‌ಬಾಲ್ ಟೀಮಿಗೆ 105 ಜನರ ಮಿತಿ ಬಂದಿದೆ. ಮೊದಲು ಸ್ಕಾಲರ್‌ಶಿಪ್ 85 ಜನಕ್ಕೆ ಮಾತ್ರ, ಆದರೆ ಅದರ ಮೇಲೆ ವಾಕ್-ಆನ್‌ಗಳನ್ನು ಧಾರಾಳವಾಗಿ ಸೇರಿಸಿಕೊಳ್ಳುತ್ತಿದ್ದರು. ಈಗ ಆ ಬಾಗಿಲು ಕಿರಿದಾಗಿದೆ. ಸ್ವಿನ್ನಿ, ರೆನ್‌ಫ್ರೊ ಒಳಗೆ ಬಂದ ಬಾಗಿಲೇ ಅದು. ನನಗೆ ಇದು ನಿಜವಾಗಿ ನೋವಿನ ವಿಷಯ.

ತಲೆಯ ಏಟಿನ ಬಗ್ಗೆ ನಿಮ್ಮ ಹೆದರಿಕೆ ಸರಿಯಾದದ್ದೇ. ಇದು ಡಿಕ್ಕಿ ಹೊಡೆಯುವ ಆಟ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗೆ ಮಿದುಳು ಅಲುಗಾಡುವುದನ್ನು ಪೂರ್ತಿ ತಡೆಯುವುದಿಲ್ಲ. ಇಲ್ಲಿ ಎಲ್ಲ ರಾಜ್ಯಗಳಲ್ಲೂ ಕಾನೂನಿದೆ: ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಹುಡುಗನನ್ನು ಆಟದಿಂದ ತೆಗೆಯಬೇಕು. ಡಾಕ್ಟರ್ ಹೇಳುವವರೆಗೆ ಅವನನ್ನು ಮೈದಾನಕ್ಕೆ ಕಳಿಸಬೇಡಿ. ತೊಂದರೆ ಏನೆಂದರೆ ಹುಡುಗರು ಜಾಗ ಹೋಗುತ್ತದೆ ಅಂತ ಬಾಯಿ ಬಿಡುವುದಿಲ್ಲ. ತಲೆನೋವು, ಬೆಳಕು ಕಂಡರೆ ಕಿರಿಕಿರಿ, ಮರೆವು, ಸುಮ್ನೆ ಮಂಕಾಗಿ ಕೂರುವುದು, ಇವನ್ನು ಮನೆಯಲ್ಲಿ ನೀವೇ ಗಮನಿಸಬೇಕು. ಆಗಸ್ಟ್ ಬಿಸಿಲಿನ ಅಭ್ಯಾಸವೂ ಕಡಿಮೆ ಅಪಾಯದ್ದಲ್ಲ, ನೀರು ಧಾರಾಳ ಕುಡಿಸಿ. ನಿಮ್ಮ ಹೆಂಡತಿ ಇನ್ನೂ ಒಪ್ಪಿಲ್ಲ ಅಂತ ಬರೆದಿದ್ದೀರಿ. ಒತ್ತಾಯ ಮಾಡಬೇಡಿ. ಮೊದಲ ವರ್ಷ ಮ್ಯಾನೇಜರ್ ಆಗಿ ಸೇರಲಿ. ಟೀಮಿನ ಜೊತೆ ಇರುತ್ತಾನೆ, ಆಟ ಕಲಿಯುತ್ತಾನೆ, ಡಿಕ್ಕಿ ಇಲ್ಲ. ನನ್ನ ಕೇಳಿದರೆ, ಕೋಚ್ ಆಗಬೇಕು ಅನ್ನುವ ಹುಡುಗನಿಗೆ ಅದೇ ಒಳ್ಳೆಯ ಶುರು.

ಆಟದ ಲೆಕ್ಕ ಗೊತ್ತಿಲ್ಲ ಅಂತ ನೀವು ಸಂಕೋಚ ಪಡಬೇಡಿ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಸದ್ಯಕ್ಕೆ ಇಷ್ಟು ಸಾಕು. ಶುಕ್ರವಾರ ರಾತ್ರಿ ಸ್ಕೂಲಿನ ಮ್ಯಾಚಿಗೆ ಮೂವರೂ ಹೋಗಿ ಕೂತುಕೊಳ್ಳಿ, ಪಕ್ಕದಲ್ಲಿ ಕೂತವರೇ ಹೇಳಿಕೊಡುತ್ತಾರೆ.

ಸೋಮವಾರ ಸ್ಕೂಲಿನ ಕ್ರೀಡಾ ವಿಭಾಗಕ್ಕೆ ಫೋನ್ ಮಾಡಿ ಫಾರ್ಮ್ ಕೇಳಿ. ಒಂದು ಹಾಳೆ ಡಾಕ್ಟರ್ ತಪಾಸಣೆಯದು, ಅವರ ಸಹಿ ಬೇಕು. ಮಕ್ಕಳ ಡಾಕ್ಟರ್ ಹತ್ತಿರ ಜುಲೈನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಹಾಗಾಗಿ ಬೇಗ ಹೋಗಿ. ಗಾಯವಾದರೆ ಬಿಲ್ಲು ಸಾಮಾನ್ಯವಾಗಿ ಮೊದಲು ನಿಮ್ಮ ಇನ್ಶೂರೆನ್ಸಿಗೇ ಬರುತ್ತದೆ, ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅಂತ ಕಂಪನಿಯಲ್ಲಿ ಕೇಳಿಟ್ಟುಕೊಳ್ಳಿ. ಫಾರ್ಮ್ ತುಂಬುವಾಗ ಏನಾದರೂ ಗೊತ್ತಾಗದಿದ್ದರೆ ಸಂಜೆ ಹೊತ್ತು ನನಗೆ ಫೋನ್ ಮಾಡಿ.